ಜಾಲಿ ಕಂಟಿಯ ಹಿಂದಿನ ಬಯಲು

ನಮ್ಮ ಓಣಿಯ ಹಿಂದಿನ ಬಯಲಿಗೆ ಎರಡು ಪಾಳಿ ಇದ್ದವು. ಬೆಳಕು ಹರಿಯುವ ಮೊದಲು ಅದು ಹೆಣ್ಣುಮಕ್ಕಳದು, ಬಿಸಿಲು ಬಿದ್ದ ಮೇಲೆ ಆಡುವ ಮಕ್ಕಳದು. ಹೀಗೆಂದು ಯಾರೂ ಗೊತ್ತುಮಾಡಿರಲಿಲ್ಲ, ಯಾರೂ ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಶಹಾಬಾದದಿಂದ ವಾಡಿಗೆ ಹೋಗುವ ರೈಲು ಹಳಿಯಿಂದ ಸ್ವಲ್ಪ ದೂರದಲ್ಲಿ, ವಾಡಿಯ ಹತ್ತಿರವೇ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಗಳಿದ್ದವು. ಅಲ್ಲಿ ದುಡಿಯುವವರ ಓಣಿ ನಮ್ಮದು. ಓಣಿಯ ಬೆನ್ನಿಗೆ ಈ ಬಯಲು. ಅದರ ಮುಂದಿನ ಅರ್ಧ ಬೋಳು ನೆಲ, ಹಿಂದಿನ ಅರ್ಧ ಒತ್ತಾಗಿ ಬೆಳೆದ ಜಾಲಿ ಕಂಟಿ. ಬೋಳು ನೆಲದಲ್ಲಿ ನಾವು ಕುಂಟಾಬಿಲ್ಲೆ, ಲಗೋರಿ ಆಡುತ್ತಿದ್ದೆವು. ಲಗೋರಿಗೆ ಬೇಕಾದ ಚಪ್ಪಟೆ ಕಲ್ಲಿಗೆ ನಮ್ಮಲ್ಲಿ ಬರವಿರಲಿಲ್ಲ. ಖಣಿಯಿಂದ ತಂದು ಸುರಿದ ಚೂರುಕಲ್ಲಿನ ದಿಬ್ಬವೇ ಅಲ್ಲಿತ್ತು. ಪಾಲಿಶ್ ಮಾಡುವಾಗ ಅಂಚು ಒಡೆದು ಬಿಸಾಕಿದ ಉದ್ದನೆಯ ಕಲ್ಲೊಂದನ್ನು ದೊಡ್ಡ ಹುಡುಗರು ಎಳೆದು ತಂದು ಆ ದಿಬ್ಬಕ್ಕೆ ಆನಿಸಿದ್ದರು. ಅದೇ ನಮ್ಮ ಜಾರುಬಂಡಿ. ನನ್ನ ಫ್ರಾಕುಗಳೆಲ್ಲ ಹಿಂದುಗಡೆ ಹರಿಯುತ್ತಿದ್ದುದು ಅದರಿಂದ. ಅವ್ವ ಬೇರೆ ಬಣ್ಣದ ತೇಪೆ ಹಚ್ಚುತ್ತಿದ್ದಳು. ಸಾಲಿಯಲ್ಲಿ ಹಲಗೆಯ ಹತ್ತಿರ ಕರೆದಾಗ ನಾನು ಬೆನ್ನನ್ನು ಗೋಡೆಯ ಕಡೆ ಮಾಡಿಕೊಂಡು ಅಡ್ಡಡ್ಡ ನಡೆಯುತ್ತಿದ್ದೆ. ಆಡುವಾಗ ಚೆಂಡು ಕಂಟಿಯೊಳಗೆ ಹೋದರೆ ಆಟ ಮುಗಿದಂತೆ. ಅದನ್ನು ತರಲು ಯಾರೂ ಹೋಗುತ್ತಿರಲಿಲ್ಲ. ಯಾಕೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮನೆ ಅಂದರೆ ಒಂದೇ ಕೋಣೆ. ಗೋಡೆಯೂ ಪರಸಿ ಕಲ್ಲು, ಮೇಲಿನ ಹೊದಿಕೆಯೂ ಪರಸಿ ಕಲ್ಲು, ಕಾಲಡಿಯ ನೆಲವೂ ಅದೇ. ಬೇಸಿಗೆಯಲ್ಲಿ ಮೇಲಿನ ಕಲ್ಲು ಹೆಂಚಿನಂತೆ ಕಾಯುತ್ತಿತ್ತು, ಮಳೆಗಾಲದಲ್ಲಿ ಎರಡು ಕಲ್ಲಿನ ಸಂದಿಯಿಂದ ನೀರು ದಾರದಂತೆ ಇಳಿಯುತ್ತಿತ್ತು. ಒಂದು ಗೋಡೆಗೆ ಬಾಬಾಸಾಹೇಬರ ಮತ್ತು ಬುದ್ಧನ ಪಟ. ಅದರ ಕೆಳಗೆ ಅಪ್ಪನ ಅಂಗಿ ನೇತುಹಾಕುವ ಗೂಟ. ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಅವ್ವನ ಹಳೆಯ ಸೀರೆ ಕಟ್ಟಿ ಮರೆ ಮಾಡಿದ ಬಚ್ಚಲು. ನಾನು ಒಳಗೆ ಸ್ನಾನ ಮಾಡುವಾಗ ಅಪ್ಪ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ಅವನು ಎದ್ದನೆಂದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು, ಶಾಂತಾಬಾಯಿಯ ಮಗಳು ಮೈತೊಳೆಯುತ್ತಿದ್ದಾಳೆ ಅಂತ. ಆ ಗೊತ್ತಾಗುವಿಕೆಗೇ ನನಗೆ ಮೈ ಹಿಡಿಯಾಗುತ್ತಿತ್ತು. ಊಟಕ್ಕೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಅದರಲ್ಲಿ ಕೊರತೆ ಇರಲಿಲ್ಲ. ಅಪ್ಪ ಖಾರದ ಬಾಯಿಯವನು. ಅವನು ಉಂಡು ಗಟಗಟ ನೀರು ಕುಡಿದು ತೇಗುವಾಗ ಅವ್ವ ಒಂದು ಗುಟುಕನ್ನು ಬಾಯಿಯಲ್ಲಿ ಆಡಿಸಿ ಅಷ್ಟಕ್ಕೇ ತಂಬಿಗೆ ಕೆಳಗಿಡುತ್ತಿದ್ದಳು. ಇದರ ಮೇಲೆ ಅವರಿಬ್ಬರದೂ ದಿನದ ಜಗಳ.

"ನೀರ ಕುಡಿಯೇ. ಒಣಾ ರೊಟ್ಟಿ ಎದ್ಯಾಗ ನಿಂತಾವು."

"ಒಲ್ರೀ. ನನಗ ನೀರಡಿಕಿ ಇಲ್ಲ."

"ಬಿಸಲಾಗ ಕಲ್ಲ ಹೊತ್ತು ಬಂದೀದಿ, ನೀರಡಿಕಿ ಇಲ್ಲಂತ! ಒಂಟೆ ಹಂಗ ಆಗೀದಿ ನೋಡು."

ಅಪ್ಪ ನಗುತ್ತಿದ್ದ. ಅವ್ವ ನನ್ನ ತಂಬಿಗೆಯನ್ನೂ ಮೆಲ್ಲಗೆ ಅತ್ತ ಸರಿಸುತ್ತಿದ್ದಳು. ಸಂಜೆಯ ಮೇಲೆ ಹೆಣ್ಣುಮಕ್ಕಳು ನೀರು ಕುಡಿಯಬಾರದು ಎಂದು ನನಗೆ ಯಾರೂ ಪಾಠ ಹೇಳಲಿಲ್ಲ, ಊಟದ ತಾಟಿನ ಮುಂದೆ ಅದು ತಾನಾಗಿ ಬಂತು. ಈಗ ಕಲಬುರಗಿಯಲ್ಲಿ ನನಗೆ ಸ್ವಂತ ಮನೆಯಿದೆ, ಸರಕಾರಿ ನೌಕರಿ ಮುಗಿಸಿ ಪಿಂಚಣಿ ತಿನ್ನುತ್ತಿದ್ದೇನೆ. ಆದರೂ ಬಸ್ಸು ಹತ್ತುವ ದಿನ ಮುಂಜಾನೆಯಿಂದ ಬಾಯಿಗೆ ನೀರು ಹಾಕುವುದಿಲ್ಲ. ಮಗಳು ಬೈಯುತ್ತಾಳೆ. ಬೈದರೆ ಕೇಳುವುದು ಕಿವಿ, ಮೈ ಕೇಳುವುದಿಲ್ಲ.

ಅವ್ವನ ತವರು ಸುಲೇಪೇಟ. ಅವಳ ಅಪ್ಪನಿಗೆ ಒಂದಿಷ್ಟು ಹೊಲವಿತ್ತು. ತೊಗರಿ ಆಳೆತ್ತರ ಬೆಳೆದು ನಿಂತರೆ ಹೆಣ್ಣುಮಕ್ಕಳಿಗೆ ಇಡೀ ಹೊಲವೇ ಗೋಡೆ ಎನ್ನುತ್ತಿದ್ದಳು. ಅಲ್ಲಿಂದ ಲಗ್ನವಾಗಿ ಈ ಕಲ್ಲಿನ ಊರಿಗೆ ಬಂದ ಮೊದಲ ದಿನ, ಎಲ್ಲಿ ಹೋಗಬೇಕು ಎಂದು ಅತ್ತೆಯನ್ನು ಕೇಳಲು ನಾಚಿ ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳಂತೆ. ಕೊನೆಗೆ ಅವಳ ಕೈಹಿಡಿದು ಕಂಟಿಯ ದಾರಿ ತೋರಿಸಿದವಳು ಪಕ್ಕದ ಮನೆಯ ಜಗದೇವಿ. ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ನಸುಕಿನಲ್ಲಿ ಚಿಗವ್ವ ನಮ್ಮ ಬಾಗಿಲ ಹತ್ತಿರ ಬಂದು ಕೆಮ್ಮುತ್ತಿದ್ದಳು. ಅವ್ವ ನನ್ನನ್ನು ಎಬ್ಬಿಸುತ್ತಿದ್ದಳು. ನಾವು ಮೂವರೂ ತಂಬಿಗೆಯನ್ನು ಸೆರಗಿನಲ್ಲಿ, ಲಂಗದಲ್ಲಿ ಮರೆಮಾಡಿಕೊಂಡು ಹೊರಡುತ್ತಿದ್ದೆವು.

ಸಾಲಿಯಲ್ಲಿ ನನಗೆ ರೇಖಾ ಎಂಬ ಗೆಳತಿ ಇದ್ದಳು. ಅವಳ ಅಪ್ಪ ರೈಲ್ವೆಯಲ್ಲಿ ಕೆಲಸಕ್ಕಿದ್ದರು, ಮನೆ ವಾಡಿಯ ಕ್ವಾರ್ಟರ್ಸಿನಲ್ಲಿ. ಒಂದು ದಿನ ಸಾಲಿ ಬಿಟ್ಟ ಮೇಲೆ, ನಿಮ್ಮ ಮನೆ ನೋಡಬೇಕು ಎಂದು ಅವಳ ಹಿಂದೆ ಹೋದೆ. ಖರೆ ಹೇಳಬೇಕೆಂದರೆ ನನಗೆ ಹೊಟ್ಟೆ ನುಲಿಯುತ್ತಿತ್ತು. ಕತ್ತಲಾಗುವವರೆಗೆ ತಡೆಯಲಾರೆ ಅನಿಸಿತ್ತು. ಅವರ ಸಂಡಾಸಕ್ಕೆ ಬಾಗಿಲಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಚಿಲಕ ಹಾಕಿದ ಮೇಲೆ ಹೊರಗಿನ ಸದ್ದೆಲ್ಲ ದೂರವಾಯಿತು. ಯಾರೂ ಬರುವುದಿಲ್ಲ, ಯಾರೂ ನೋಡುವುದಿಲ್ಲ, ಏಳು ಎಂದು ಯಾರೂ ಕೂಗುವುದಿಲ್ಲ. ಕೆಲಸ ಮುಗಿದ ಮೇಲೂ ನಾನು ಎದ್ದು ಗೋಡೆಗೆ ಒರಗಿ ಸುಮ್ಮನೆ ನಿಂತೆ. ಆಗ ರೇಖಾಳ ತಾಯಿ ಬಾಗಿಲು ಬಡಿದರು.

"ಏನಾತು, ಒಳಗ ಮಲ್ಕೊಂಡಿ ಏನು?"

ಹೊರಗೆ ಬಂದಾಗ ಅವರು ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು. ನಾನು ಚಪ್ಪಲಿ ಹಾಕಿಕೊಂಡು ಅಂಗಳ ದಾಟುವುದರೊಳಗೆ ಒಳಗಿನಿಂದ ಬಕೆಟ್ಟಿನ ನೀರು ಧಬಧಬ ಸುರಿಯುವ ಸದ್ದು ಬಂತು. ಆಮೇಲೆ ಕಸಬರಿಗೆಯ ಸದ್ದು, ಅದರ ಹಿಂದೆಯೇ ಫಿನೈಲಿನ ವಾಸನೆ. ರೇಖಾ ಬಾಗಿಲಲ್ಲಿ ನಿಂತು ನಾಳೆ ಸಿಗೋಣ ಎಂದು ಕೈಬೀಸಿದಳು. ಆ ವಾಸನೆ ಹಳಿ ದಾಟುವವರೆಗೂ ನನ್ನ ಹಿಂದೆಯೇ ಬಂದಂತಿತ್ತು. ಮನೆಗೆ ಬಂದು ಕಾಲು ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ. ಅವ್ವ ನೀರು ಯಾಕೆ ಹಾಳು ಮಾಡುತ್ತೀ ಎಂದು ಗದರಿದಳು.

ಆ ವರ್ಷವೇ ಖಣಿ ಕೆಲಸದವರ ಮಕ್ಕಳಿಗೆ ಏನಾದರೂ ಮಾಡಬೇಕೆಂದು ಪಟ್ಟಣದಿಂದ ಒಂದು ಸಂಸ್ಥೆಯವರು ಬಂದರು. ಅವರಲ್ಲಿ ಮುಖ್ಯರಾದವರು ಒಬ್ಬ ಹೆಂಗಸು. ಖಾದಿ ಸೀರೆ, ದಪ್ಪ ಕನ್ನಡಕ, ಮಾತು ಮೃದು. ಓಣಿಯವರೆಲ್ಲ ಅವರನ್ನು ಅಕ್ಕೋರು ಅಂದರು. ನಮ್ಮ ಕಲ್ಲಿನ ಜಾರುಬಂಡಿಯನ್ನು ನೋಡಿ ಅವರು ಗಾಬರಿಯಾದರು, ಮೊಣಕಾಲು ಕೆತ್ತಿಕೊಂಡ ಹುಡುಗರನ್ನು ಹತ್ತಿರ ಕರೆದು ಗಾಯ ನೋಡಿದರು. ಬೇವಿನ ಗಿಡದ ಕೆಳಗೆ ಸಭೆ ಕೂಡಿತು. ಮುಂದೆ ಗಂಡಸರು, ಹಿಂದೆ ಗೋಡೆಗೆ ಒತ್ತಿಕೊಂಡು ಹೆಂಗಸರು, ನಡುವೆ ನಾವು. ಅಕ್ಕೋರು ಗಂಡಸರ ತಲೆಯ ಮೇಲಿಂದ ಹೆಂಗಸರ ಕಡೆ ನೋಡಿ ಕೇಳಿದರು.

"ತಾಯಂದಿರೇ, ನೀವು ಹೇಳ್ರಿ. ನಿಮ್ಮ ಓಣಿಗೆ ಏನು ಬೇಕು? ನಾಚ್ಕೋಬ್ಯಾಡ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವನ ತುಟಿ ಅಲುಗಿದ್ದನ್ನು ನಾನು ಕಂಡೆ. ಮುಂದೆ ಅಪ್ಪ ಕುಳಿತಿದ್ದ, ಮಾವಂದಿರು, ಮೈದುನರು ಕುಳಿತಿದ್ದರು. ಅವ್ವ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಕೊನೆಗೆ ಚಿಗವ್ವನೇ ಬಾಯಿಬಿಟ್ಟಳು.

"ನಮಗೇನ್ ಬೇಕ್ರಿ ಅಕ್ಕೋರೇ. ಮಕ್ಕಳಿಗಿ ಏನರ ಮಾಡ್ರಿ, ಸಾಕು."

ಅವರು ನಮ್ಮ ಕಡೆ ತಿರುಗಿದ್ದೇ ತಡ, ನಾವೆಲ್ಲ ಒಂದೇ ಕೊರಳಿನಲ್ಲಿ ಜಾರುಬಂಡಿ, ಜೋಕಾಲಿ ಎಂದು ಕಿರಿಚಿದೆವು. ನನ್ನ ಕೊರಳೇ ಎಲ್ಲರದಕ್ಕಿಂತ ಮೇಲಿತ್ತು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಹೆಂಗಸರೂ ತಟ್ಟಿದರು.

ಕೆಲವೇ ದಿನಗಳಲ್ಲಿ ಯಂತ್ರ ಬಂತು. ದಿಬ್ಬ ಸಪಾಟಾಯಿತು, ಜಾಲಿ ಕಂಟಿ ಬುಡಸಹಿತ ಎದ್ದುಬಂತು. ಸುತ್ತ ತಂತಿಯ ಬೇಲಿ, ಕೆಂಪು ಬಣ್ಣದ ಕಬ್ಬಿಣದ ಜಾರುಬಂಡಿ, ಎರಡು ಕಡೆ ಜೋಕಾಲಿ, ಏರಿಳಿಯುವ ಹಲಗೆ. ಅಷ್ಟು ದೊಡ್ಡ ಸಂತೋಷ ನಮ್ಮ ಓಣಿಯ ಮಕ್ಕಳಿಗೆ ಅದರ ಮೊದಲು ಆಗಿರಲಿಲ್ಲ, ಅದನ್ನು ಸಣ್ಣದು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಜೋಕಾಲಿಯ ಮೇಲೆ ನಿಂತು ಜೀಕಿದರೆ ಹಳಿಯ ಆಚೆಯ ಖಣಿಯ ನೀರು, ಅದರಾಚೆ ನಾಲವಾರದ ಕಡೆ ಹೋಗುವ ರೈಲುಗಾಡಿ, ಎಲ್ಲ ಕಾಣುತ್ತಿದ್ದವು. ಕೆಳಗೆ ಬಂದಾಗ ಹೊಟ್ಟೆಯೊಳಗೆ ಖಾಲಿಯಾದಂತಾಗಿ ನಗು ತಡೆಯಲಾಗುತ್ತಿರಲಿಲ್ಲ. ಆದರೆ ನಸುಕಿನಲ್ಲಿ ಚಿಗವ್ವ ಬಂದು ಕೆಮ್ಮಿದಾಗ ನಾವು ಈಗ ಹಳಿಯ ದಂಡೆಗೆ ನಡೆಯಬೇಕಾಗಿತ್ತು. ಅಲ್ಲಿ ಮರೆ ಇರಲಿಲ್ಲ. ಗಾಡಿಯ ಬೆಳಕು ದೂರದಲ್ಲಿ ಕಂಡರೆ ಸಾಲಾಗಿ ಕುಳಿತವರೆಲ್ಲ ಧಡಕ್ಕನೆ ಎದ್ದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಡಬ್ಬಿಗಳ ಕಿಟಕಿಯಿಂದ ಗಂಡಸರು ಕೂಗುತ್ತಿದ್ದರು, ಸೀಟಿ ಹೊಡೆಯುತ್ತಿದ್ದರು. ಅವ್ವ ತನ್ನ ಸೆರಗನ್ನು ನನ್ನ ತಲೆಯ ಮೇಲೆ ಎಳೆದು ಮುಖ ಮುಚ್ಚುತ್ತಿದ್ದಳು. ಮುಖ ಕಾಣದಿದ್ದರೆ ಸಾಕು, ಯಾರೆಂದು ತಿಳಿಯುವುದಿಲ್ಲ ಎಂಬುದಷ್ಟೇ ನಮಗೆ ಉಳಿದಿದ್ದ ಮಾನ.

ಒಂದು ನಸುಕಿನಲ್ಲಿ, ಗಾಡಿ ಬಂತೆಂದು ಗಡಿಬಿಡಿಯಲ್ಲಿ ಎದ್ದ ಚಿಗವ್ವ ಹಳಿಯ ಪಕ್ಕದ ಹಳೆಯ ಖಣಿಯ ಅಂಚಿನಿಂದ ಜಾರಿ ಕೆಳಗೆ ಬಿದ್ದಳು. ಕಾಲು ಮುರಿಯಿತು. ಅವ್ವ ಮತ್ತು ಇನ್ನಿಬ್ಬರು ಅವಳನ್ನು ಹೊತ್ತು ತಂದರು. ಎಲ್ಲಿ ಬಿದ್ದಳು, ಯಾಕೆ ಹೋಗಿದ್ದಳು ಎಂದು ಗಂಡಸರು ಕೇಳಿದಾಗ, ಕಟ್ಟಿಗೆ ಆರಿಸಲು ಹೋಗಿದ್ದಳು ಎಂದರು. ಶಹಾಬಾದದ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ ಚಿಗವ್ವನೂ ಕಟ್ಟಿಗೆಯ ಮಾತನ್ನೇ ಹೇಳಿದಳು. ಅಂದಿನಿಂದ ಹೆಂಗಸರು ಹಳಿಯ ಕಡೆ ಹೋಗಲು ಹೆದರಿದರು. ಬೇಲಿಯ ತಂತಿಯನ್ನು ಒಂದು ಕಡೆ ಎತ್ತಿ, ಆಟದ ಬಯಲಿನ ಹಿಂದಿನ ಮೂಲೆಗೇ ಹೋಗತೊಡಗಿದರು. ನಾನೂ ಹೋದೆ. ಬೆಳಗಾದ ಮೇಲೆ ಅದೇ ಜಾಗದ ಹತ್ತಿರ ಆಡಬೇಕಾಗಿತ್ತು. ಸಣ್ಣ ಹುಡುಗರು ಮೂಗು ಮುಚ್ಚಿಕೊಂಡು, ಯಾರು ಮಾಡಿದ್ದು, ಯಾರು ಮಾಡಿದ್ದು ಎಂದು ಹಾಡು ಕಟ್ಟಿ ಕುಣಿಯುತ್ತಿದ್ದರು. ಅವರ ಜೊತೆ ನಾನೂ ಮೂಗು ಮುಚ್ಚಿಕೊಂಡು ನಗಬೇಕಾಗಿತ್ತು.

ಆಟದ ಬಯಲಿನ ಉದ್ಘಾಟನೆಯನ್ನು ಆಮೇಲೆ ಇಟ್ಟುಕೊಂಡಿದ್ದರು. ಷಾಮಿಯಾನ ಹಾಕಿದರು, ದೊಡ್ಡ ಮಂದಿ ಬಂದರು, ನಮ್ಮ ಸಾಲಿಯ ಮಕ್ಕಳನ್ನೂ ಸಾಲಾಗಿ ನಡೆಸಿಕೊಂಡು ಬಂದರು. ರೇಖಾ ನನ್ನ ಪಕ್ಕದಲ್ಲೇ ಕುಳಿತಳು. ಇದು ನಮ್ಮ ಓಣಿ, ನಮ್ಮ ಜೋಕಾಲಿ ಎಂದು ನನಗೆ ಮೊದಲ ಸಲ ಹೆಮ್ಮೆ. ಅವಳಿಗೆ ಬೆರಳು ಮಾಡಿ ತೋರಿಸುತ್ತಿದ್ದೆ. ಅಕ್ಕೋರು ಭಾಷಣಕ್ಕೆ ಎದ್ದರು. ಮಕ್ಕಳ ಆಟ, ಆರೋಗ್ಯ ಎಂದೆಲ್ಲ ಚೆಂದಾಗಿ ಮಾತಾಡಿ, ಕೊನೆಗೆ ದನಿ ತಗ್ಗಿಸಿದರು.

"ಒಂದು ಮಾತು ಬ್ಯಾಸರದಿಂದ ಹೇಳ್ತೀನಿ. ಮಕ್ಕಳು ಆಡೋ ಜಾಗಾನ ಯಾರೋ ಹೊಲಸು ಮಾಡ್ಲಿಕತ್ತಾರ. ತಾಯಂದಿರು ಸ್ವಲ್ಪ ಸ್ವಚ್ಛತಾ ಕಲೀಬೇಕು. ನಾಳಿಯಿಂದ ಗೇಟಿಗಿ ಕೀಲಿ ಹಾಕೋದು ಅನಿವಾರ್ಯ ಆಗ್ತದ."

ಷಾಮಿಯಾನದಲ್ಲಿ ಗುಜುಗುಜು ಎದ್ದಿತು. ಹಿಂದೆ ಹೆಂಗಸರ ನಡುವೆ ಯಾರೋ ಎದ್ದು ನಿಂತರು. ತಿರುಗಿ ನೋಡಿದರೆ ಅವ್ವ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು.

"ಅಕ್ಕೋರೇ, ಒಂದ್ ಮಾತ್ರಿ. ಹೊಲಸು ಮಾಡ್ದವ್ರು ನಾವೇರಿ. ನಾನೂ ಮಾಡೀನ್ರಿ. ಕಂಟಿ ಇದ್ದಾಗ ಕಂಟ್ಯಾಗ ಹೋಗ್ತಿದ್ದಿವಿ, ಕಂಟಿ ಕಡದ್ರಿ. ಹಳಿ ಕಡಿಗಿ ಹೋದಿವಿ, ಜಗದೇವಿ ಕಾಲ ಮುರ್ಕೊಂಡಳು, ಕಟ್ಟಿಗಿ ಆರ್ಸಾಕ ಅಲ್ರಿ ಅಕಿ ಹೋಗಿದ್ದು. ಅವತ್ತ ಏನ್ ಬೇಕಂತ ಕೇಳಿದ್ರಿ ಖರೆ, ಇಷ್ಟ ಗಂಡಸರ ಮುಂದ ಹ್ಯಾಂಗ ಹೇಳ್ಬೇಕಾಗಿತ್ರಿ? ಸಂಡಾಸ ಬೇಕಾಗಿತ್ರಿ ನಮಗ. ಸಂಡಾಸ. ನಾಳಿಯಿಂದ ಕೀಲಿ ಹಾಕಿದ್ರ ನಾವು..."

ಅಷ್ಟಕ್ಕೇ ಅವ್ವ ಕುಸಿದಂತೆ ಕುಳಿತುಬಿಟ್ಟಳು. ಮೊದಲು ಸಾಲಿಯ ದೊಡ್ಡ ಹುಡುಗರ ಕಡೆಯಿಂದ ನಗು ಬಂತು, ಆಮೇಲೆ ಕುರ್ಚಿಯ ಮೇಲೆ ಕುಳಿತವರ ಕಡೆಯಿಂದಲೂ ಬಂತು. ಮೈಕಿನವನು ಕೂಡ ನಗುತ್ತಿದ್ದ. ಅಕ್ಕೋರು ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ನಿಂತರು. ಅಪ್ಪ ತಲೆ ಬಗ್ಗಿಸಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ರೇಖಾ ನನ್ನ ಕಿವಿಯ ಹತ್ತಿರ ಬಂದಳು.

"ಅಕಿ ನಿಮ್ಮವ್ವ ಹೌದಿಲ್ಲ?"

"ಹೌದು," ಅಂದೆ.

"ನಮ್ಮವ್ವ ಹಿಂಗ ಮಾಡಿದ್ರ ನಾ ಸತ್ತೇ ಹೋಗ್ತಿದ್ದೆ ನೋಡು."

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನನ್ನ ಮೇಲಿನ ಕನಿಕರದಿಂದಲೇ ಹೇಳಿದಳು. ಅದಕ್ಕೇ ಅದು ಅಷ್ಟು ಒಳಗೆ ನಟ್ಟಿತು. ನನಗೂ ಆ ಹೊತ್ತಿಗೆ ಅವಳು ಹೇಳಿದಂತೆಯೇ ಅನಿಸುತ್ತಿತ್ತು. ಮೈಯೆಲ್ಲ ಬೆಂಕಿ ಹಚ್ಚಿದಂತೆ, ಕೆಳಗಿನ ನೆಲ ಬಾಯಿಬಿಟ್ಟರೆ ಸಾಕು ಎಂಬಂತೆ. ಸಿಹಿ ಹಂಚಿದರು. ನನ್ನ ಕೈಯೊಳಗಿನ ಬೂಂದಿ ಬೆವರಿಗೆ ಮುದ್ದೆಯಾಯಿತು, ತಿನ್ನಲಿಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅವ್ವ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಸಿಟ್ಟನ್ನು ಹೊರಗೆ ಹಾಕಿದ.

"ಅಷ್ಟು ಮಂದ್ಯಾಗ ಎದ್ದು ನಿಂತು ಆ ಮಾತು ಆಡ್ಬೇಕಾಗಿತ್ತೇನು? ನಾಳಿ ಖಣ್ಯಾಗ ನಾ ಹ್ಯಾಂಗ ಮಾರಿ ತೋರಿಸ್ಲಿ? ನನಗರ ಮೊದಲ ಹೇಳ್ಬೇಕಿಲ್ಲೇನು?"

ಅವ್ವ ತಿರುಗಲಿಲ್ಲ. ಗೋಡೆಗೇ ಹೇಳುವಂತೆ ಹೇಳಿದಳು.

"ನೀವು ಕೇಳಿದ್ರ ಹೇಳ್ತಿದ್ದೆ. ಲಗ್ನಾಗಿ ಈ ಮನಿಗಿ ಬಂದಾಗಿಂದ ಒಂದಿನ ಕೇಳೀರೇನು, ನೀ ಎಲ್ಲಿಗಿ ಹೋಗ್ತಿ, ಮಗಳು ಎಲ್ಲಿಗಿ ಹೋಗ್ತಾಳ ಅಂತ? ನೀರ ಕುಡಿ ಅಂತೀರಿ ದಿನಾ. ಯಾಕ ಕುಡಿಯಾಂಗಿಲ್ಲಂತ ಒಂದಿನ ಕೇಳೀರೇನು?"

ಅಪ್ಪ ಕೆಟ್ಟ ಗಂಡನಾಗಿರಲಿಲ್ಲ. ಕುಡಿಯುತ್ತಿರಲಿಲ್ಲ, ಕೈಮಾಡುತ್ತಿರಲಿಲ್ಲ, ಬೆನ್ನು ಬಾಗುವಂತೆ ದುಡಿಯುತ್ತಿದ್ದ. ಈ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ, ಅಷ್ಟೇ. ಅವನ ಮುಖದ ಮೇಲೆ ನಾನು ಅಂದು ಕಂಡ ನಾಚಿಕೆ ನನ್ನದಕ್ಕಿಂತ ದೊಡ್ಡದಾಗಿತ್ತು. ಅವನು ನನ್ನ ಕಡೆ ನೋಡಿದ, ನಾನು ಕಣ್ಣು ತಪ್ಪಿಸಿದೆ, ಅವನೂ ತಪ್ಪಿಸಿದ. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಅವ್ವ ಆಗ ನನ್ನನ್ನು ಹತ್ತಿರ ಕರೆದಳು.

"ನನ್ನಿಂದ ನಿನಗ ಭಾಳ ನಾಚ್ಕಿ ಆಯ್ತಲ್ಲಾ ಸುಜಾತಾ?"

ಹೌದೆಂದು ತಲೆ ಆಡಿಸಿದೆ.

"ನನಗೂ ಆಯ್ತವ್ವ. ಎದ್ದ ಮ್ಯಾಲ ಕುಂದರ್ಲಿಕ್ಕ ಬರ್ಲಿಲ್ಲ, ಅದಕ ಹೇಳ್ದೆ," ಎಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಇಬ್ಬರೂ ಅತ್ತೆವು.

ಸಾಲಿಯಲ್ಲಿ ನನಗೆ ಹೆಸರಿಟ್ಟರು. ಯಾವ ಹೆಸರೆಂದು ಬರೆಯಬೇಕಾಗಿಲ್ಲ, ಊಹಿಸಬಹುದು. ಹೊಟ್ಟೆನೋವು, ತಲೆನೋವು ಎಂದು ಸುಳ್ಳು ಹೇಳಿ ನಾನು ಮನೆಯಲ್ಲಿ ಉಳಿಯತೊಡಗಿದೆ. ಹಾಗೆ ಉಳಿದ ಒಂದು ದಿನ, ಕೆಲಸಕ್ಕೆ ಹೋಗಬೇಕಾದ ಅಪ್ಪ ಹಾರೆ ಹಿಡಿದು ಹಿತ್ತಲ ಬಯಲಿಗೆ ಹೋಗುವುದನ್ನು ಕಂಡೆ. ಗೇಟಿನ ಕೀಲಿಯ ಮಾತು ಅಷ್ಟಕ್ಕೇ ನಿಂತಿತ್ತು, ಅಕ್ಕೋರೇ ಬೇಡವೆಂದಿದ್ದರಂತೆ. ಅಪ್ಪ ಯಾರಿಗೂ ಏನೂ ಹೇಳದೆ ಹಿಂದಿನ ಮೂಲೆಯಲ್ಲಿ ಗುಂಡಿ ತೋಡಲು ಶುರುಮಾಡಿದ. ಮಧ್ಯಾಹ್ನಕ್ಕೆ ಚಿಗವ್ವನ ಗಂಡ ಬಂದು ಮಣ್ಣು ಹೊರಲು ಮಂಕರಿ ಹಿಡಿದ. ಮರುದಿನ ಇನ್ನಷ್ಟು ಗಂಡಸರು ಬಂದರು. ಒಬ್ಬರ ಮುಖ ಒಬ್ಬರು ನೋಡದೆ, ಸಾವಿನ ಮನೆಯ ಕೆಲಸದಂತೆ ತಲೆ ತಗ್ಗಿಸಿ ಮಾಡುತ್ತಿದ್ದರು. ಒಡೆದ ಪರಸಿ ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ಗೋಡೆ ಮಾಡಿದರು, ಒಂದಕ್ಕೊಂದು ತಾಗಿಸಿ ಬೇರೆ ಬೇರೆ ಮರೆಗಳಾದವು. ಬಾಗಿಲಿಗೆ ತಗಡು ಸಿಕ್ಕಿತು. ಅಕ್ಕೋರ ಸಂಸ್ಥೆಯವರು ಮುಂದೆ ಪೈಪು, ಕೂರುವ ಕಲ್ಲು ಕೊಟ್ಟರು. ನೀರು ಮಾತ್ರ ಎಂದೂ ಸಾಲಲಿಲ್ಲ, ಬೇಸಿಗೆಯಲ್ಲಿ ಕೊಡ ಹೊರುವುದೇ ದೊಡ್ಡ ಪಾಡಾಗಿತ್ತು. ಮಳೆಗಾಲದಲ್ಲಿ ಗುಂಡಿ ತುಂಬಿ ವಾಸನೆ ಹೊಡೆಯುತ್ತಿತ್ತು. ಆದರೂ ಅದಕ್ಕೆ ಒಳಗಿನಿಂದ ಚಿಲಕವಿತ್ತು.

ತಗಡಿನ ಬಾಗಿಲು ಕೂಡಿಸಿದ ದಿನ ರವಿವಾರ. ಬಿಸಿಲು ನೆತ್ತಿಗೆ ಬಂದಿತ್ತು, ಬಯಲಿನ ತುಂಬ ಮಕ್ಕಳಿದ್ದರು, ನಾನು ಜೋಕಾಲಿಯ ಮೇಲಿದ್ದೆ. ಅಪ್ಪ ಕೈಯ ಮಣ್ಣು ಝಾಡಿಸಿಕೊಳ್ಳುತ್ತ ಬಯಲಿನ ಕಡೆಗಿದ್ದ ನಮ್ಮ ಹಿಂಬಾಗಿಲಿಗೆ ಹೋಗಿ, ಒಳಗೆ ಹೋಗದೆ, ಹೊಸ್ತಿಲು ನೋಡುತ್ತ ನಿಂತ. ಅವನು ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು.

"ಒಮ್ಮಿ ಹೋಗಿ ನೋಡಿ ಬಾ. ಏನರ ಕಮ್ಮಿ ಇದ್ರ ಹೇಳು."

ಅವ್ವ ಹೊರಗೆ ಬಂದಳು. ಕೈಯಲ್ಲಿ ತಂಬಿಗೆ ಇತ್ತು, ಅದರ ಮೇಲೆ ಸೆರಗಿರಲಿಲ್ಲ. ಆಡುವ ಮಕ್ಕಳ ನಡುವೆ ಹಾದು, ಜಾರುಬಂಡಿಯ ಪಕ್ಕದಿಂದ, ಅವಸರವಿಲ್ಲದೆ ನಡೆದು ಹೋಗಿ ಬಾಗಿಲು ಮುಚ್ಚಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಜೋಕಾಲಿಯವರೆಗೂ ಬಂತು. ಅಪ್ಪ ಮುಖವನ್ನು ಹಳಿಯ ಕಡೆ ತಿರುಗಿಸಿಕೊಂಡು ನಿಂತಿದ್ದ. ಅವನ ಹೆಗಲು ಅಲುಗುತ್ತಿದ್ದವು. ನಾನು ಜೋಕಾಲಿ ನಿಲ್ಲಿಸಿ, ಕಾಲು ನೆಲಕ್ಕೆ ಊರಿ, ಅವ್ವ ತನಗೆ ಬೇಕಾದಷ್ಟು ಹೊತ್ತು ಒಳಗಿರಲಿ ಎಂದು ಕಾಯುತ್ತ ಕುಳಿತೆ.